ಡಾಂಬರು ದಪ್ಪವಿದ್ದಲ್ಲೇ ತಗ್ಗುತ್ತಿದ್ದ ರಸ್ತೆ

ಕೊಟ್ಟೂರಿನಿಂದ ಉಜ್ಜಿನಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಊರಿದೆ. ಹೆಸರು ಬೇಡ, ಅಲ್ಲಿನವರಿಗೆ ನನ್ನ ಮೇಲೆ ಸಿಟ್ಟಾಗಲು ಈಗಾಗಲೇ ಸಾಕಷ್ಟು ಕಾರಣಗಳಿವೆ. ಆ ಊರೊಳಗಿನ ಅರ್ಧ ಕಿಲೋಮೀಟರ್ ರಸ್ತೆ ನನ್ನ ತಲೆ ತಿಂದಷ್ಟು ಬೇರೆ ಯಾವ ಹೆದ್ದಾರಿಯೂ ತಿಂದಿಲ್ಲ.

ನಾನು ರಸ್ತೆ ಪರೀಕ್ಷೆ ಮಾಡುವ ಒಂದು ಸಂಸ್ಥೆಯಲ್ಲಿ ಎಂಜಿನಿಯರ್. ಹಳೆಯ ರಸ್ತೆಯ ಮೇಲೆ ಹೊಸದಾಗಿ ಡಾಂಬರು ಹಾಕಬೇಕಾದರೆ ಎಷ್ಟು ದಪ್ಪ ಹಾಕಬೇಕು ಎಂದು ಲೆಕ್ಕ ಹಾಕಿ ಹೇಳುವುದು ನಮ್ಮ ಕೆಲಸ. ವಿಧಾನ ಕೇಳಿದರೆ ಮಕ್ಕಳಾಟ ಅನ್ನಿಸಬಹುದು. ನಿಗದಿತ ಭಾರ ತುಂಬಿದ ಟಿಪ್ಪರ್ ಲಾರಿಯ ಹಿಂದಿನ ಜೋಡಿ ಚಕ್ರಗಳ ನಡುವೆ ಉದ್ದನೆಯ ಒಂದು ಕೋಲಿನ ತುದಿಯನ್ನು ತೂರಿಸಿ ರಸ್ತೆಗೆ ತಾಗಿಸುತ್ತೇವೆ. ಇದಕ್ಕೆ ನಮ್ಮಲ್ಲಿ ಬೀಮ್ ಎನ್ನುತ್ತಾರೆ. ಲಾರಿ ಮೆಲ್ಲಗೆ ಮುಂದೆ ಹೋಗುತ್ತದೆ. ಯಾರಾದರೂ ಎದ್ದ ಮೇಲೆ ಹಾಸಿಗೆ ಉಬ್ಬುವ ಹಾಗೆ, ಭಾರ ಸರಿದ ಮೇಲೆ ರಸ್ತೆ ಕೂದಲೆಳೆಯಷ್ಟು ಮೇಲೇಳುತ್ತದೆ. ಬೀಮಿನ ಇನ್ನೊಂದು ತುದಿಯಲ್ಲಿರುವ ಮುಳ್ಳು ಅದನ್ನು ತೋರಿಸುತ್ತದೆ. ಹೆಚ್ಚು ಎದ್ದರೆ ಹೆಚ್ಚು ತಗ್ಗಿತ್ತು ಎಂದರ್ಥ, ಹೆಚ್ಚು ತಗ್ಗುವ ರಸ್ತೆಗೆ ಹೆಚ್ಚು ದಪ್ಪ ಡಾಂಬರು ಬೇಕು. ಬಿಸಿಲಿಗೆ ಡಾಂಬರು ಮೆತ್ತಗಾಗುವುದರಿಂದ ರಸ್ತೆಗೂ ಜ್ವರ ನೋಡಬೇಕು. ಸಣ್ಣ ತೂತು ಕೊರೆದು, ಗ್ಲಿಸರಿನ್ ಸುರಿದು, ಥರ್ಮಾಮೀಟರ್ ಇಡುತ್ತೇವೆ. ಜನ ಸುತ್ತ ನಿಂತು ನಗುತ್ತಾರೆ. ನಗಲಿ ಬಿಡಿ.

ನಗು ಮುಗಿದ ಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ದಪ್ಪ ಹಾಕ್ತೀರಿ ಮೇಡಂ?" ಗುಳಿಗೆ ಕೊಟ್ಟರೆ ಸಮಾಧಾನವಾಗದೆ ಇಂಜೆಕ್ಷನ್ನೇ ಬೇಕು ಎನ್ನುವ ರೋಗಿಗಳ ಹಾಗೆ, ನಮ್ಮ ಕಡೆಯ ಊರುಗಳಿಗೆ ತೆಳು ಡಾಂಬರು ಎಂದರೆ ಅವಮಾನ. ನಾನೂ ಹರಪನಹಳ್ಳಿಯವಳೇ, ಆ ಆಸೆ ನನಗೇನು ಹೊಸದಲ್ಲ.

ಚಳಿ ಹಿಂದಾಗಿ ಬಿಸಿಲು ಇನ್ನೂ ಬಲಿಯದ ಕಾಲ. ಊರಾಚೆ ಎರಡೂ ಕಡೆ ಮಸಾರಿ ಹೊಲ, ಕೆಂಪು ಮಣ್ಣು. ನೀರು ಬಸಿದು ಹೋಗುವ, ರಸ್ತೆಗೆ ಹೇಳಿ ಮಾಡಿಸಿದ ನೆಲ. ಬೀಮಿನ ಮುಳ್ಳು ಅಲ್ಲೆಲ್ಲ ಒಂದು ಮಿಲಿಮೀಟರ್‌ಗಿಂತ ಕಡಿಮೆ ತೋರಿಸುತ್ತ ಬಂತು. ಊರೊಳಗೆ ಕಾಲಿಟ್ಟಿದ್ದೇ ತಡ, ಎರಡು ಮಿಲಿಮೀಟರ್ ದಾಟಿತು. ಅದೂ ಊರಿನ ಒಂದೇ ಪಕ್ಕದಲ್ಲಿ, ಅಂಗಡಿ ಸಾಲಿನ ಕಡೆ. ಎದುರು ಪಕ್ಕ ಅಷ್ಟೇನೂ ಕೆಟ್ಟಿರಲಿಲ್ಲ.

"ಬೀಮ್ ಕೆಟ್ಟೈತೇನು ನೋಡು," ಎಂದು ನಮ್ಮ ಟೆಕ್ನೀಷಿಯನ್‌ಗೆ ಹೇಳಿದೆ. ಹದಿನೈದು ವರ್ಷದಿಂದ ಆ ಬೀಮನ್ನು ಹೆಗಲ ಮೇಲೆ ಹೊತ್ತು ತಿರುಗಿದವನು ಅವನು.

"ಬೀಮ್ ಚಲೋ ಐತ್ರಿ ಮೇಡಂ. ರಸ್ತೆನ ಕೆಟ್ಟೈತಿ," ಎಂದ, ತನ್ನ ಮಗನನ್ನು ಯಾರೋ ಬೈದ ಹಾಗೆ ಮುಖ ಮಾಡಿಕೊಂಡು.

ಸಂಜೆ ಲೆಕ್ಕ ಹಾಕಿದೆ. ಊರಾಚೆ ಐವತ್ತು ಮಿಲಿಮೀಟರ್ ಸಾಕು. ಊರೊಳಗೆ ನೂರಾ ಹತ್ತು ಬೇಕು. ಅಲ್ಲಿಗೆ ನನ್ನ ಕೆಲಸ ಮುಗಿಯಬೇಕಿತ್ತು. ಎರಡು ತುಂಡು, ಎರಡು ದಪ್ಪ, ವರದಿ ಬರೆದು ಕೈ ತೊಳೆದುಕೊಳ್ಳುವುದಷ್ಟೇ. ಆದರೆ ಒಂದೇ ಮಣ್ಣು, ಒಂದೇ ಲಾರಿಗಳು, ಒಂದೇ ಮಳೆ ಇರುವಾಗ ಒಂದು ಪಕ್ಕ ಮಾತ್ರ ಯಾಕೆ ಹೀಗೆ ಎಂಬುದು ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ಆಯಿತು. ಉಗುಳಲಿಕ್ಕೂ ಆಗಲಿಲ್ಲ, ನುಂಗಲಿಕ್ಕೂ ಆಗಲಿಲ್ಲ.

ಮರುದಿನ ರಸ್ತೆಯ ಅಂಚಿನಲ್ಲಿ ಗುಂಡಿ ತೆಗೆಸಿದೆ. ಊರಾಚೆ ಒಂದು, ಊರೊಳಗೆ ಅಂಗಡಿ ಸಾಲಿನ ಕಡೆ ಒಂದು. ಊರಾಚೆಯ ಗುಂಡಿಯಲ್ಲಿ ಕಪ್ಪು ಪದರ ಎರಡೇ. ಅದರ ಕೆಳಗೆ ಜಲ್ಲಿ, ಅದರ ಕೆಳಗೆ ಒಣಗಿದ ಕೆಂಪು ಮಣ್ಣು. ಊರೊಳಗಿನ ಗುಂಡಿ ನೋಡಿ ದಂಗಾದೆ. ಅಲ್ಲಿ ಕಪ್ಪು ಪದರ ಐದು! ಒಂದರ ಮೇಲೊಂದು, ಸಂತೆಯಲ್ಲಿ ಮಡಚಿಟ್ಟ ಕಂಬಳಿಗಳ ಹಾಗೆ. ಊರೊಳಗೆ ಹಾಳಾದಾಗಲೆಲ್ಲ ಊರಿನವರು ಗಲಾಟೆ ಮಾಡಿ ಇನ್ನೊಂದು ಪದರ ಹಾಕಿಸಿಕೊಂಡಿದ್ದರು. ಇಡೀ ರಸ್ತೆಯಲ್ಲಿ ಡಾಂಬರು ಅತಿ ದಪ್ಪವಿದ್ದ ಜಾಗವೇ ಅತಿ ಹೆಚ್ಚು ತಗ್ಗುತ್ತಿತ್ತು. ನಾನು ಓದಿದ್ದಕ್ಕೆ ಇದು ಪೂರ್ತಿ ಉಲ್ಟಾ.

ಉತ್ತರ ಕೆಳಗಿನ ಮಣ್ಣಿನಲ್ಲಿತ್ತು. ಅದೂ ಮಸಾರಿಯೇ, ಆದರೆ ಹಿಡಿಯಲ್ಲಿ ಒತ್ತಿದರೆ ಉಂಡೆಯಾಗುವಷ್ಟು ಹಸಿ. ಮಳೆ ನಿಂತು ತಿಂಗಳುಗಳಾಗಿದ್ದವು.

ಕುಡಿಯುವ ನೀರಿನ ಪೈಪು ಒಡೆದಿದೆ ಎಂದು ಮೊದಲು ಅಂದುಕೊಂಡೆ. ಪಂಚಾಯಿತಿಯ ನೀರುಗಂಟಿಯನ್ನು ಕರೆಸಿದರೆ ಅವನು ಬೀಡಿ ಆರಿಸಿ, ರಸ್ತೆಯ ಎದುರು ಪಕ್ಕ ತೋರಿಸಿದ. "ಲೈನು ಆ ಕಡೆ ಐತ್ರಿ. ಈ ಕಡೆ ಹನಿನೂ ಇಲ್ಲ." ಆ ಕಡೆ ಅಗೆದು ನೋಡಿದರೆ ಪೈಪಿನ ಸುತ್ತ ಮಣ್ಣು ಬೂದಿಯಂತೆ ಒಣಗಿತ್ತು. ನನ್ನ ಮೊದಲ ಊಹೆ ಮಣ್ಣುಪಾಲಾಯಿತು. ಮಾರನೆಯ ದಿನ ಅಮಾವಾಸ್ಯೆ. ದೇವರ ದರ್ಶನಕ್ಕೆ ಉಜ್ಜಿನಿಗೆ ಹೋಗುವ ಗಾಡಿಗಳ ಸಾಲಿನ ನಡುವೆ ರಸ್ತೆಯಲ್ಲಿ ಬಗ್ಗಿ ನಿಲ್ಲಲೂ ಜಾಗವಿರಲಿಲ್ಲ. ಗುಂಡಿಯ ಸುತ್ತ ಹಗ್ಗ ಕಟ್ಟಿಸಿ ಸುಮ್ಮನಾದೆ.

ಅದರ ಮರುದಿನ ಬೆಳಿಗ್ಗೆ ಬಂದು ನೋಡಿದರೆ ಗುಂಡಿಯ ತಳದಲ್ಲಿ ನೀರು ನಿಂತಿತ್ತು. ನೀರಿನ ಮೇಲೆ ಎಳೆಬಿಸಿಲಿಗೆ ಹೊಳೆಯುವ, ನವಿಲುಗರಿ ಬಣ್ಣದ ಎಣ್ಣೆ ಪೊರೆ. ಟೆಕ್ನೀಷಿಯನ್ ಮೇಲೆ ರೇಗಿದೆ. "ಡ್ರಿಲ್ಲಿಂಗ್ ಮಷೀನ್ ಎಣ್ಣಿ ಇಲ್ಲಿ ಚೆಲ್ಲೀಯೇನಪ್ಪಾ?"

"ನಂದಲ್ರಿ," ಎಂದ. ಬಗ್ಗಿ ಮೂಸಿದ. "ಇದು ಸುಟ್ಟ ಆಯಿಲ್ ರೀ. ಗ್ಯಾರೇಜಿಂದು."

ಇಬ್ಬರೂ ತಲೆಯೆತ್ತಿದೆವು. ಇಪ್ಪತ್ತು ಹೆಜ್ಜೆ ಮೇಲಕ್ಕೆ ಒಂದು ಗ್ಯಾರೇಜು, ಟ್ರ್ಯಾಕ್ಟರು, ಟಂಟಂ ಆಟೋ ರಿಪೇರಿ ಮಾಡುವ ಜಾಗ. ಬಾಗಿಲಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದ ಮಿಸ್ತ್ರಿ ನಮ್ಮನ್ನೇ ನೋಡುತ್ತಿದ್ದರು. ನಲವತ್ತೈದರ ಆಸುಪಾಸಿನ ಸಾಬರು, ಗಡ್ಡಕ್ಕೂ ಗ್ರೀಸು.

ನಾನು ಹತ್ತಿರ ಹೋಗಿ ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು. "ಗಟಾರ ಮುಚ್ಚಿದ್ದು ನಾನೊಬ್ನ ಅಲ್ರಿ. ಇಡೀ ಸಾಲ ಮುಚ್ಯಾರ. ಕೇಳೂದಿದ್ರ ಎಲ್ಲಾರ್ನೂ ಕೇಳ್ರಿ."

ನಾನು ಗಟಾರದ ಮಾತೇ ಎತ್ತಿರಲಿಲ್ಲ. ಆಗಲೇ ಗಮನಿಸಿದ್ದು, ರಸ್ತೆಗೂ ಅಂಗಡಿಗಳಿಗೂ ನಡುವೆ ಗಟಾರವೇ ಕಾಣುತ್ತಿರಲಿಲ್ಲ. ಗ್ಯಾರೇಜಿನ ಮುಂದೆ ಸಿಮೆಂಟಿನ ಇಳಿಜಾರು, ಅದರ ಪಕ್ಕ ಕಿರಾಣಿ ಅಂಗಡಿಯ ಚಪ್ಪಡಿ ಕಲ್ಲು, ಆಚೆ ಹಿಟ್ಟಿನ ಗಿರಣಿಯವರ ಇಟ್ಟಿಗೆ ಚೂರು ತುಂಬಿದ ಜಗಲಿ.

"ಗಟಾರದ ಕೇಸ್ ಹಾಕಾಕ ಬಂದಿಲ್ರಿ," ಎಂದೆ. "ರಸ್ತೆ ಕೆಳಗ ನೀರು ಬರಾಕತ್ತೈತಿ. ಎಲ್ಲಿಂದ ಅಂತ ಹುಡುಕಾಕತ್ತೀನಿ."

ಅವರ ಮುಖ ಬದಲಾಯಿತು. "ನೀರಾ? ಬರ್ರಿ ಒಳಗ," ಎಂದರು.

ಒಳಗೆ ಹೋಗಲು ನಾನು ಒಂದು ಮೆಟ್ಟಿಲು ಇಳಿಯಬೇಕಾಯಿತು. ನಡುವೆ ಗಾಡಿಗಳ ಕೆಳಗೆ ಇಳಿದು ಕೆಲಸ ಮಾಡುವ ಗುಂಡಿ. ಅದರಲ್ಲಿ ಮೊಣಕಾಲೆತ್ತರ ಕಪ್ಪು ನೀರು. "ಮೂರು ವರ್ಷ ಆತ್ರಿ, ಬಾವಿಯಂಗ ಸೆಲಿ ಬರ್ತೈತಿ. ಎತ್ತಿ ಹಾಕಿದ್ರ ಮತ್ತ ಬರ್ತೈತಿ. ಈಗ ಗಾಡಿ ಕೆಳಗ ಮಕ್ಕೊಂಡ ಕೆಲಸ ಮಾಡ್ತೀನಿ. ಬೆನ್ನು ಹೋಗೈತಿ."

ಮೂಲೆಯ ಮಂಚದ ಮೇಲೆ ಅವರ ತಾಯಿ ಕೂತಿದ್ದರು, ಕೈಯಲ್ಲಿ ಊರುಗೋಲು. "ಇವರಪ್ಪ ಗ್ಯಾರೇಜ್ ಹಾಕಿದಾಗ ಮೂರು ಮೆಟ್ಲ ಹತ್ತಿ ಒಳಗ ಬರ್ತಿದ್ವಿ," ಎಂದರು.

"ಎರಡ ಇದ್ವು, ಅಮ್ಮಿ."

"ಮೂರು."

ತಾಯಿ ಮಗ ಉರ್ದುವಿನಲ್ಲಿ ಒಂದಿಷ್ಟು ವಾದ ಮಾಡಿಕೊಂಡರು. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿ, ಕನ್ನಡದಲ್ಲಿ ತಮ್ಮ ತಮ್ಮ ಲೆಕ್ಕವನ್ನೇ ಮತ್ತೆ ಹೇಳಿದರು. ಗುಂಡಿಯಲ್ಲಿ ನೋಡಿದ ಐದು ಪದರಗಳನ್ನು ಮನಸ್ಸಿನಲ್ಲೇ ಕೂಡಿಸಿದೆ. ಒಟ್ಟು ಮೂರು ಮೆಟ್ಟಿಲಿನ ಎತ್ತರ; ಈಗ ಇಳಿಯುವ ಒಂದನ್ನು ಕಳೆದರೆ ಆಗ ಹತ್ತುತ್ತಿದ್ದದ್ದು ಎರಡೇ, ಮಗನ ಮಾತೇ ಸರಿ ಅನ್ನಿಸಿತು. ಹಾಗೆ ಹೇಳಿಯೂ ಬಿಟ್ಟೆ. ಅಮ್ಮಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಮಿಸ್ತ್ರಿ ಸ್ವರ ತಗ್ಗಿಸಿ ಕೇಳಿದರು. "ಈ ಸಲ ಎಷ್ಟು ದಪ್ಪ ಅಂತ ಐತ್ರಿ?"

ನೂರಾ ಹತ್ತು ಮಿಲಿಮೀಟರ್ ಎಂದರೆ ಎಷ್ಟು ಎಂದು ಬೆರಳುಗಳನ್ನು ಜೋಡಿಸಿ ತೋರಿಸಿದೆ. ಅವರು ಹೊಸ್ತಿಲ ಕಡೆ ನೋಡಿದರು. "ಹಂಗಾದ್ರ ಟ್ರ್ಯಾಕ್ಟರ್ ಇಳಿಯೂದಿಲ್ಲ. ಇಳಿದ್ರ ಹತ್ತೂದಿಲ್ಲ. ಮಳಿ ಬಂದ್ರ ಹೆಂಗೂ ನೀರು ಒಳಗ. ಹೋದ ವರ್ಷ ಬಿಚ್ಚಿಟ್ಟ ಎರಡು ಇಂಜಿನ್ ನೀರಾಗ ಹೋದ್ವು. ಇನ್ನೊಂದ್ಸಲ ರಸ್ತಿ ಎದ್ರ ನನ್ನ ಅಂಗಡಿ ಬಾಗಿಲ ಮುಚ್ಚಿದಂಗ ಮೇಡಂ."

ಅಲ್ಲಿಯವರೆಗೆ ನನಗೆ ಅದೊಂದು ಸಂಖ್ಯೆಯಾಗಿತ್ತು. ಆದರೆ ಕನಿಕರಕ್ಕೆ ಮಿಲಿಮೀಟರ್ ಕಡಿಮೆ ಮಾಡಲಿಕ್ಕೆ ಬರುವುದಿಲ್ಲ. ತೆಳು ಹಾಕಿದರೆ ಎರಡು ಮಳೆಗೆ ಒಡೆದು, ಮತ್ತೊಂದು ಪದರ ಬಂದು, ಇವರ ಬಾಗಿಲು ಇನ್ನೂ ಬೇಗ ಮುಚ್ಚುತ್ತಿತ್ತು.

ಒಂದು ಪರೀಕ್ಷೆ ಮಾಡೋಣ ಎಂದೆ. ಮಟ್ಟ ನೋಡುವ ಯಂತ್ರ ನಿಲ್ಲಿಸಿ ರಸ್ತೆಯ ಗುಂಡಿಯ ನೀರು, ಗ್ಯಾರೇಜಿನ ಗುಂಡಿಯ ನೀರು, ಎರಡರ ಎತ್ತರವನ್ನೂ ಅಳೆದೆ. ಹೆಚ್ಚೂಕಡಿಮೆ ಒಂದೇ. ಕಾಕತಾಳೀಯವೂ ಇರಬಹುದಲ್ಲ? ಮಿಸ್ತ್ರಿ ರಿಪೇರಿಗೆ ಬಂದಿದ್ದ ಒಂದು ಪಂಪನ್ನು ಎಳೆದು ತಂದರು. ಗ್ಯಾರೇಜಿನ ಗುಂಡಿಯ ನೀರನ್ನು ಹಿಂದಿನ ಹಿತ್ತಲಿಗೆ ಹೊಡೆದೆವು. ಅದು ಬತ್ತಿದ ಮೇಲೂ ಬರುವ ಸೆಲೆಯನ್ನು ಎತ್ತುತ್ತಲೇ ಇದ್ದೆವು. ಕಿರಾಣಿ ಅಂಗಡಿಯವರು, ಗಿರಣಿಗೆ ಜೋಳ ತಂದವರು ಎಲ್ಲರೂ ರಸ್ತೆಯ ಗುಂಡಿಯ ಸುತ್ತ ಬಗ್ಗಿ ನಿಂತರು. ಊಟದ ಹೊತ್ತಿಗೆ ಅಲ್ಲಿನ ನೀರು ಬೆರಳಗಲ ಇಳಿದಿತ್ತು. ಸಂಜೆಗೆ ಗೇಣುದ್ದ.

"ಲೇ, ಎರಡೂ ಒಂದ ನೀರು!" ಎಂದು ಯಾರೋ ಕೂಗಿದರು. ನನಗೂ ಕೂಗಬೇಕೆನಿಸಿತು. ಎಂಜಿನಿಯರ್ ಎಂಬ ಗತ್ತು ಅಡ್ಡ ಬಂತು.

ಮುಂದಿನದು ಕಾಲ್ನಡಿಗೆಯ ಕೆಲಸ. ಸಾಲಿನ ಮೇಲ್ತುದಿಯಲ್ಲಿ ಬೋರ್‌ವೆಲ್ಲಿನ ನೀರು ತುಂಬುವ, ನಲ್ಲಿಗಳಿದ್ದ ಸಣ್ಣ ಟ್ಯಾಂಕು. ಹೆಂಗಸರು ಪಾತ್ರೆ ತಿಕ್ಕಿ, ಬಟ್ಟೆ ಒಗೆದು ಚೆಲ್ಲಿದ ನೀರು ಗಟಾರದ ಬಾಯಿಗೆ ಇಳಿಯುತ್ತಿತ್ತು. ಅಲ್ಲಿಂದ ಮೊದಲ ಚಪ್ಪಡಿಯ ಕೆಳಗೆ ಮಾಯ. ಸಾಲಿನ ಕೆಳತುದಿಯಲ್ಲಿ, ರಸ್ತೆಯಡಿ ಹಳ್ಳ ಹಾಯುವ ಮೋರಿಯ ಹತ್ತಿರ, ಅದೇ ಗಟಾರದ ಇನ್ನೊಂದು ಬಾಯಿ. ಅಲ್ಲಿ ಜೇಡ ಬಲೆ ಕಟ್ಟಿತ್ತು. ಅಷ್ಟು ನೀರು ಒಳಗೆ ಹೋಗುತ್ತಿತ್ತು, ಹನಿಯೂ ಹೊರಗೆ ಬರುತ್ತಿರಲಿಲ್ಲ. ಅದನ್ನೆಲ್ಲ ರಸ್ತೆ ಕುಡಿಯುತ್ತಿತ್ತು.

ಆಗ ಪೂರ್ತಿ ಕಥೆ ಕಣ್ಣ ಮುಂದೆ ನಿಂತಿತು. ರಸ್ತೆ ಹಾಳಾಗುತ್ತದೆ, ಡಾಂಬರು ಹಾಕುತ್ತಾರೆ, ರಸ್ತೆ ಎತ್ತರವಾಗುತ್ತದೆ. ಬಾಗಿಲಿಗೆ ಗಾಡಿ ಬರಬೇಕಲ್ಲ, ಜನ ಗಟಾರಕ್ಕೆ ಇಟ್ಟಿಗೆ ಚೂರು, ಮರಳು, ಹಳೆ ಟೈರು ತುಂಬಿ ಇಳಿಜಾರು ಮಾಡಿಕೊಳ್ಳುತ್ತಾರೆ. ಗಟಾರದ ನೀರು ರಸ್ತೆಯ ಅಡಿಗೆ ಇಳಿಯುತ್ತದೆ, ಮಣ್ಣು ಮೆತ್ತಗಾಗುತ್ತದೆ, ರಸ್ತೆ ಮತ್ತೆ ಹಾಳಾಗುತ್ತದೆ. ಆಗ ನನ್ನಂಥವಳೊಬ್ಬಳು ಬೀಮ್ ಹಿಡಿದು ಬಂದು, ಇನ್ನೂ ದಪ್ಪ ಬೇಕು ಎಂದು ಬರೆದು ಹೋಗುತ್ತಾಳೆ. ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಆ ಲೆಕ್ಕವೇ ರೋಗದ ಒಂದು ಭಾಗವಾಗಿತ್ತು.

ನಮಗೆ ಈ ಕೆಲಸ ಒಪ್ಪಿಸಿದ್ದ ಲೋಕೋಪಯೋಗಿ ಇಲಾಖೆಯ ಹಿರಿಯ ಎಂಜಿನಿಯರ್ ಮುಂದೆ ಹೋಗಿ ಕೂತೆ. ಊರೊಳಗೆ ಐದೂ ಪದರ ಕಿತ್ತು, ಹಸಿ ಮಣ್ಣು ತೆಗೆದು, ನೀರು ಬಸಿಯುವ ಜಲ್ಲಿ ತುಂಬಿ, ರಸ್ತೆಯನ್ನು ಕೆಳಗಿನ ಮಟ್ಟದಲ್ಲೇ ಹೊಸದಾಗಿ ಕಟ್ಟಬೇಕು, ಪಕ್ಕದಲ್ಲಿ ಕಾಂಕ್ರೀಟ್ ಚರಂಡಿ ಆಗಬೇಕು ಎಂದೆ.

ಅವರು ಕನ್ನಡಕ ತೆಗೆದರು. "ನೋಡಮ್ಮಾ, ನಿನ್ನ ಕರೆಸಿದ್ದು ಡಾಂಬರು ಎಷ್ಟು ದಪ್ಪ ಹಾಕ್ಬೇಕು ಅಂತ ಕೇಳೋಕೆ."

"ಆ ಊರಲ್ಲಿ ಉತ್ತರ ಸೊನ್ನೆಗಿಂತ ಕಡಿಮೆ ಬಂದಿದೆ ಸಾರ್."

ಅವರು ನಗಲಿಲ್ಲ. ನಕ್ಕರೆ ಒಪ್ಪಿದ ಹಾಗಾಗುತ್ತದೆ ಎಂಬ ಅನುಭವ ಇರಬೇಕು. ಕೇಳಿದ್ದು ಒಂದೇ ಪ್ರಶ್ನೆ, ಅದೂ ಸರಿಯಾದದ್ದೇ. "ರಸ್ತೆ ಇಳಿಸಿದ್ರೆ ಚರಂಡೀನೂ ಇಳಿಯುತ್ತೆ. ಅದರ ನೀರು ಹಳ್ಳಕ್ಕೆ ಬೀಳುತ್ತಾ?" ಊರಿಗೆ ವಾಪಸ್ ಬಂದು ಟ್ಯಾಂಕಿನಿಂದ ಹಳ್ಳದವರೆಗೆ ಮಟ್ಟ ತೆಗೆದೆ. ಮೋರಿಯಲ್ಲಿ ತುಂಬಿದ ಹೂಳಿನ ಮೇಲಿಂದ ನೋಡಿದರೆ ನೀರು ಹರಿಯದು. ಹೂಳು ತೆಗೆಸಿ ಮೋರಿಯ ನಿಜವಾದ ತಳದಿಂದ ಅಳೆದರೆ ಹರಿಯುತ್ತದೆ. ಧಾರಾಳವಾಗಿ ಅಲ್ಲ, ಆದರೆ ಹರಿಯುತ್ತದೆ. ಅಷ್ಟು ತೋರಿಸಿದ ಮೇಲೆ ಅವರು, "ಊರಿನವರನ್ನ ನೀನೇ ಒಪ್ಪಿಸು," ಎಂದು ಸಹಿ ಹಾಕಿದರು.

ಒಪ್ಪಿಸುವುದು ಬೀಮ್ ಹೊತ್ತಷ್ಟು ಸುಲಭವಿರಲಿಲ್ಲ. ಪಂಚಾಯಿತಿ ಕಟ್ಟೆಯ ಮೇಲೆ ಸಭೆ. ಸದಸ್ಯರೊಬ್ಬರು ಎದ್ದು ನಿಂತು ಕೈ ಬೀಸಿದರು. "ಬ್ಯಾರೆ ಊರಾಗ ಡಾಂಬರ್ ಹಾಕ್ತಾರ. ನಮ್ಮೂರಾಗ ಇದ್ದದ್ನ ಕಿತ್ಕೊಂಡು ಹೋಗಾಕ ಬಂದಾರ!" ಜನ ಹೋ ಎಂದರು. ಗುಂಡಿಯ ನೀರು ಕಣ್ಣಾರೆ ಕಂಡವರೂ ಹೋ ಎಂದರು. ಚರಂಡಿ ಮಾಡಲು ಪ್ರತಿ ಅಂಗಡಿಯ ಮುಂದಿನ ಇಳಿಜಾರು, ಜಗಲಿ ಒಡೆಯಬೇಕಿತ್ತು. ಮೊದಲು ಪಕ್ಕದವರದು ಒಡೆಯಲಿ, ಆಮೇಲೆ ನಮ್ಮದು ನೋಡೋಣ ಎಂಬಲ್ಲಿಗೆ ಸಭೆ ಮುಗಿಯಿತು. ಮಿಸ್ತ್ರಿ ಹಿಂದೆ ನಿಂತಿದ್ದರು, ಒಂದು ಮಾತೂ ಆಡಲಿಲ್ಲ.

ನನಗೆ ಸಿಟ್ಟು ಬಂತು. ಹೊರಡುವಾಗ ಅವರನ್ನು ಕೇಳಿಯೇ ಬಿಟ್ಟೆ. "ನೀವಾದ್ರೂ ಹೇಳಬಹುದಿತ್ತಲ್ರಿ?"

"ಏನ್ ಹೇಳ್ಲಿ ಮೇಡಂ? ಆ ಇಳಿಜಾರಿನ ಮ್ಯಾಲ ನಿಲ್ಸೇ ನಾ ದಿನಾ ಗಾಡಿ ಬಿಚ್ಚೂದು. ಒಡದ್ರ ಕೆಲಸ ಮುಗಿಯೂತನ ಗ್ಯಾರೇಜ್ ಬಂದ್. ಆಮ್ಯಾಲ ನೀರು ಬರೂದಿಲ್ಲ ಅಂತ ನೀವು ಬರ್ದು ಕೊಡ್ತೀರೇನು?"

ಕೊಡಲಾರೆ ಎಂದೆ. ನೀರು ನೂರು ದಾರಿ ಹುಡುಕುತ್ತದೆ, ನನಗೆ ಸಿಕ್ಕಿರುವುದು ಒಂದು. "ಆದ್ರ ಈ ನೂರಾ ಹತ್ತು ಮಿಲಿಮೀಟರ್ ಹಾಕಿದ್ರ ಏನಾಕ್ಕೈತಿ ಅನ್ನೂದು ಬೇಕಾದ್ರ ಬರ್ದು ಕೊಡ್ತೀನಿ."

ಅವರು ಬೆರಳು ಜೋಡಿಸಿ ನೂರಾ ಹತ್ತು ಎಷ್ಟೆಂದು ನೋಡಿಕೊಳ್ಳುತ್ತ ಗ್ಯಾರೇಜಿನ ಕಡೆ ನಡೆದರು. ನಾನು ನೂರಾ ಹತ್ತರ ಹಳೆಯ ಲೆಕ್ಕವನ್ನೇ ಮತ್ತೆ ತೆಗೆದು ಕೂತೆ. ಊರಿನವರು ಒಪ್ಪದಿದ್ದರೆ ಅದನ್ನೇ ಕೊಡಬೇಕಿತ್ತು.

ಎರಡು ದಿನ ಬಿಟ್ಟು ಟೆಕ್ನೀಷಿಯನ್ ಫೋನ್ ಮಾಡಿದ. "ಮೇಡಂ, ಲಗೂನ ಬರ್ರಿ. ಮಿಸ್ತ್ರಿ ಹಾರಿ ಹಿಡ್ಕೊಂಡಾನ."

ಹೋಗಿ ನೋಡಿದರೆ ಮಿಸ್ತ್ರಿ ತಮ್ಮ ಗ್ಯಾರೇಜಿನ ಮುಂದಿನ ಇಳಿಜಾರನ್ನು ತಾವೇ ಹಾರೆಯಿಂದ ಒಡೆಯುತ್ತಿದ್ದರು. ಸಿಮೆಂಟಿನ ಅಡಿಯಿಂದ ಟೈರು, ಇಟ್ಟಿಗೆ, ಎಣ್ಣೆ ಕುಡಿದ ಮರಳು ಹೊರಬರುತ್ತಿತ್ತು. ಹಾರೆ ಒಂದು ಕಡೆ ಟಣ್ ಎಂದಿತು. ಮರಳು ಸರಿಸಿದರೆ ಕಲ್ಲಿನ ಮೆಟ್ಟಿಲು. ಅದರ ಕೆಳಗೆ ಇನ್ನೊಂದು. ಮಿಸ್ತ್ರಿ ಹಾರೆ ಬಿಟ್ಟು ಅದರ ಮೇಲೆ ಕೈಯಾಡಿಸಿದರು. "ನಮ್ಮಪ್ಪ ಇದರ ಮ್ಯಾಲ ಕುಂತ ಚಾ ಕುಡೀತಿದ್ದ," ಎಂದರು. ಕಿರಾಣಿ ಅಂಗಡಿಯವರು ಬಂದು ನೋಡಿದರು. ಸುಮ್ಮನೆ ಹೋಗಿ ತಮ್ಮ ಚಪ್ಪಡಿ ಕಲ್ಲಿಗೆ ಕೈ ಹಚ್ಚಿದರು. ತಮ್ಮ ಅಂಗಡಿ ಮುಂದೇನು ಹೂತಿದೆ ಎಂಬ ಕುತೂಹಲಕ್ಕೋ, ನಾಚಿಕೆಗೋ ನನಗೆ ಗೊತ್ತಿಲ್ಲ. ಒಂದರ ಹಿಂದೊಂದು ಇಡೀ ಸಾಲಿನ ಜಗಲಿಗಳು ಒಡೆದವು.

ಎರಡನೆಯ ಮೆಟ್ಟಿಲಿನ ಬುಡದಲ್ಲಿ ಇನ್ನೊಂದು ಕಲ್ಲಿನ ತಲೆ ಕಾಣುತ್ತಿತ್ತು. "ಅದು ಮೆಟ್ಲ ಅಲ್ಲ, ಪಾಯದ ಕಲ್ಲು," ಎಂದರು ಮಿಸ್ತ್ರಿ. ನಾನು ಮಂಡಿಯೂರಿ ಮಣ್ಣು ಒರೆಸಿದೆ. ಕಲ್ಲಿನ ನಡುವೆ, ಕಾಲಿಡುವ ಜಾಗದಲ್ಲಿ, ತಟ್ಟೆಯಂತೆ ಸವೆದ ಗುರುತು. ಪಾಯದ ಕಲ್ಲನ್ನು ಯಾರೂ ತುಳಿಯುವುದಿಲ್ಲ. ಡಾಂಬರು ಬರುವುದಕ್ಕೂ ಮೊದಲಿನ ಮಣ್ಣಿನ ದಾರಿ ಇನ್ನೂ ಕೆಳಗಿತ್ತು. ನನ್ನ ಐದು ಪದರಗಳ ಲೆಕ್ಕಕ್ಕೆ ಅದು ಸಿಕ್ಕಿರಲಿಲ್ಲ.

"ಮೂರ್ರಿ," ಎಂದೆ. ಮಿಸ್ತ್ರಿ ಒಳಗೆ ನೋಡಿ ಕೂಗಿದರು. "ಅಮ್ಮಿ! ಮೂರಂತ!"

ಒಳಗಿನಿಂದ ಉತ್ತರ ಬರಲಿಲ್ಲ. ಗೊತ್ತಿದ್ದದ್ದಕ್ಕೆ ಯಾರಾದರೂ ಯಾಕೆ ಉತ್ತರಿಸುತ್ತಾರೆ?

ಕೆಲಸ ಮುಗಿದು, ಮಳೆಗಾಲವೂ ಕಳೆದ ಮೇಲೆ ಬೀಮ್ ತೆಗೆದುಕೊಂಡು ಮತ್ತೆ ಹೋದೆ. ರಸ್ತೆ ಎಷ್ಟು ಗಟ್ಟಿ ಎಂದು ತಿಳಿಯಬೇಕಾದರೆ ಮಳೆ ಮುಗಿದ ಕೂಡಲೇ ಅಳೆಯಬೇಕು, ಆಗಲೇ ಮಣ್ಣು ಅತಿ ಸೋತಿರುತ್ತದೆ. ಮುಳ್ಳು ಊರಾಚೆ ಎಷ್ಟು ತೋರಿಸಿತೋ ಊರೊಳಗೂ ಹೆಚ್ಚೂಕಡಿಮೆ ಅಷ್ಟೇ ತೋರಿಸಿತು. ನಂಬಿಕೆಯಾಗದೆ ಎರಡನೇ ಸಲ ಇಡಿಸಿದೆ. ಟೆಕ್ನೀಷಿಯನ್, "ಬೀಮ್ ಕೆಟ್ಟೈತೇನ್ರಿ?" ಎಂದು ಹಳೆಯ ಸೇಡು ತೀರಿಸಿಕೊಂಡ.

ಗ್ಯಾರೇಜಿನ ಗುಂಡಿಯಲ್ಲಿ ಮಿಸ್ತ್ರಿ ನಿಂತು ಟ್ರ್ಯಾಕ್ಟರಿನ ಹೊಟ್ಟೆ ಬಿಚ್ಚುತ್ತಿದ್ದರು. ತಳ ಒಣಗಿತ್ತು. ಗಾಡಿ ಹತ್ತಿ ಬರಲು ಪಕ್ಕದಲ್ಲಿ ಚರಂಡಿಯ ಮೇಲೆ ಕಬ್ಬಿಣದ ಜಾಲರಿ ಹಾಸಿ ದಾರಿ ಮಾಡಿಕೊಂಡಿದ್ದರು. ಬಾಗಿಲ ಮುಂದೆ ಎರಡು ಮೆಟ್ಟಿಲು ಪೂರ್ತಿ, ಮೂರನೆಯದರ ತಲೆ ಮಾತ್ರ. ಅಮ್ಮಿ ನಡುವಿನ ಮೆಟ್ಟಿಲ ಮೇಲೆ ಕೂತು, ಕಾಲನ್ನು ಕೆಳಗಿನ ಆ ಸವೆದ ಜಾಗದಲ್ಲಿಟ್ಟಿದ್ದರು.

ಮಿಸ್ತ್ರಿ ಗುಂಡಿಯಿಂದ ತಲೆ ಹೊರಹಾಕಿದರು. ಖುಷಿಯಲ್ಲೂ ಅವರಿಗೊಂದು ಚಿಂತೆ. "ಎಲ್ಲಾ ಚಲೋ ಆತ್ರಿ. ಆದ್ರ ಇನ್ನೈದಾರು ವರ್ಷಕ್ಕ ಮತ್ತ ಯಾರರ ಡಾಂಬರ್ ಹಾಕಾಕ ಬರ್ತಾರ. ಆಗ ನೀವು ಎಲ್ಲಿರ್ತೀರೋ ಏನೋ. ಇದನ್ನೆಲ್ಲ ಅವರಿಗೆ ಹೇಳೂರು ಯಾರು?"

ವರದಿಯಲ್ಲಿ ಬರೆದಿದ್ದೇನೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮಿ ಊರುಗೋಲಿನಿಂದ ಕೆಳಗಿನ ಕಲ್ಲನ್ನು ಎರಡು ಸಲ ಕುಟ್ಟಿದರು.

"ನಾ ಇಲ್ಲೇ ಕುಂತಿರ್ತೀನಿ," ಎಂದರು. "ನನ್ನ ಕಾಲ ಮ್ಯಾಲ ಹಾಕ್ಲಿ ನೋಡೂಣು."